ಅಮೆರಿಕದಲ್ಲಿ ನಿಯಮ ತೆಗೆಯಬೇಕಾದರೂ ಕಾರಣ ಕೊಡಬೇಕು: ನೀರು, ಬ್ಯಾಂಕ್ ಫೀ ವಿಷಯದಲ್ಲಿ ನಾವು ಮಾಡಬಹುದಾದದ್ದು

ವಾಟ್ಸ್ಆ್ಯಪ್ ಗುಂಪಿಗೆ ಸುದ್ದಿ ಬರುತ್ತದೆ. ಕುಡಿಯುವ ನೀರಿನ ನಿಯಮ ಸಡಿಲ ಮಾಡುತ್ತಾರಂತೆ, ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ಖರ್ಚಾದಾಗ ಬ್ಯಾಂಕ್ ಹಾಕುವ ಓವರ್‌ಡ್ರಾಫ್ಟ್ ಫೀಗೆ ಇದ್ದ ಮಿತಿ ಹೋಯಿತಂತೆ. ನಾಲ್ಕು ಜನ ಬೇಸರ ಪಡುತ್ತಾರೆ. "ನಮಗೆ ವೋಟೇ ಇಲ್ಲ, ಏನು ಮಾಡೋಕಾಗುತ್ತೆ" ಅಂತ ಯಾರೋ ಹೇಳುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಎಚ್-1ಬಿ ಕೆಲಸದ ವೀಸಾದಲ್ಲಿರುವವರು, ಕಾಯಂ ವಾಸದ ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವವರು ಹಾಗೆ ಅಂದುಕೊಳ್ಳುವುದು ಸಹಜ. ಆದರೆ ಇಲ್ಲಿ ಇಂಥ ನಿಯಮಗಳ ಹಣೆಬರಹ ಬರೀ ಚುನಾವಣೆಯಲ್ಲಿ ತೀರ್ಮಾನ ಆಗುವುದಿಲ್ಲ. ಅದಕ್ಕೆ ಇನ್ನೊಂದು ದಾರಿ ಇದೆ. ಅಲ್ಲಿ ವೋಟು ಇಲ್ಲದವರ ಮಾತಿಗೂ ಲೆಕ್ಕ ಇದೆ.

ಇಲ್ಲಿನ ಸಂಸತ್ತಾದ ಕಾಂಗ್ರೆಸ್ ಮಾಡುವ ಕಾನೂನು ಸಾಮಾನ್ಯವಾಗಿ ದೊಡ್ಡ ಚೌಕಟ್ಟು ಮಾತ್ರ. ನೀರಿನಲ್ಲಿ ಯಾವ ರಾಸಾಯನಿಕ ಎಷ್ಟಿರಬಹುದು, ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಮಾಡಬೇಕು, ಜನರಿಗೆ ಯಾವಾಗ ತಿಳಿಸಬೇಕು ಅನ್ನುವುದನ್ನೆಲ್ಲ ಏಜೆನ್ಸಿಗಳು ಬರೆಯುತ್ತವೆ. ಪರಿಸರಕ್ಕೆ ಇಪಿಎ, ಬ್ಯಾಂಕು ಮತ್ತು ಸಾಲಕ್ಕೆ ಸಿಎಫ್‌ಪಿಬಿ, ಕಾರಿನ ಸುರಕ್ಷತೆಗೆ ಎನ್‌ಎಚ್‌ಟಿಎಸ್‌ಎ. ಇವರೆಲ್ಲ ಹೇಗೆ ನಡೆದುಕೊಳ್ಳಬೇಕು ಅಂತ ಹೇಳುವ ಕಾನೂನು 1946ರದು, ಅಡ್ಮಿನಿಸ್ಟ್ರೇಟಿವ್ ಪ್ರೊಸೀಜರ್ ಆ್ಯಕ್ಟ್. ಅದರ ಪ್ರಕಾರ ಏಜೆನ್ಸಿ ಮೊದಲು ಕರಡನ್ನು ಸರ್ಕಾರಿ ಗೆಜೆಟ್ ಆದ ಫೆಡರಲ್ ರಿಜಿಸ್ಟರ್‌ನಲ್ಲಿ ಪ್ರಕಟಿಸಬೇಕು. ಜನರ ಅಭಿಪ್ರಾಯ ಕೇಳಬೇಕು. ಮುಖ್ಯ ಆಕ್ಷೇಪಗಳಿಗೆ ಉತ್ತರ ಕೊಟ್ಟೇ ಅಂತಿಮ ನಿಯಮ ಹೊರಡಿಸಬೇಕು. ಹೊಸದನ್ನು ತರುವುದಕ್ಕೆ ಮಾತ್ರ ಅಲ್ಲ, ಇರುವುದನ್ನು ತೆಗೆಯುವುದಕ್ಕೂ ಇದೇ ದಾರಿ. ಹಾಗಾಗಿ ಅಧ್ಯಕ್ಷರೋ ಏಜೆನ್ಸಿಯ ಮುಖ್ಯಸ್ಥರೋ ಟಿವಿಯಲ್ಲಿ ಘೋಷಿಸಿದ ಕೂಡಲೇ ನಿಯಮ ಹೋಯಿತು ಅಂತ ತಿಳಿಯಬೇಡಿ. ಹೆಚ್ಚಿನ ಸಲ ಕೆಲಸ ಅಲ್ಲಿಂದ ಶುರು ಆಗುತ್ತದೆ.

ನಮ್ಮವರಿಗೆ ಇದು ತೀರಾ ಹೊಸದೂ ಅಲ್ಲ. ಸ್ಟೆಮ್ ಓಪಿಟಿಯ, ಅಂದರೆ ವಿಜ್ಞಾನ-ತಂತ್ರಜ್ಞಾನ ಓದಿದ ವಿದೇಶಿ ವಿದ್ಯಾರ್ಥಿಗಳು ಓದಿನ ನಂತರ ಇಲ್ಲಿ ಕೆಲಸ ಮಾಡುವ ಅನುಮತಿಯ, 17 ತಿಂಗಳ ವಿಸ್ತರಣೆಯನ್ನು 2008ರಲ್ಲಿ ಸರ್ಕಾರ ಜನರನ್ನು ಮೊದಲು ಕೇಳದೆ ನೇರವಾಗಿ ಜಾರಿಗೆ ತಂದಿತ್ತು. 2015ರಲ್ಲಿ ವಾಷಿಂಗ್ಟನ್‌ನ ಫೆಡರಲ್ ಕೋರ್ಟ್ ಅದೇ ಕಾರಣಕ್ಕೆ ಅದನ್ನು ರದ್ದು ಮಾಡಿತು. ಸರ್ಕಾರ ಮತ್ತೆ ಕರಡು ತಂದು, 50,000ಕ್ಕೂ ಜಾಸ್ತಿ ಅಭಿಪ್ರಾಯ ತೆಗೆದುಕೊಂಡು, 2016ರಲ್ಲಿ ಈಗಿನ 24 ತಿಂಗಳ ನಿಯಮ ಮಾಡಿತು. ಎಚ್-1ಬಿಯವರ ಗಂಡ ಅಥವಾ ಹೆಂಡತಿಗೆ ಸಿಗುವ ಕೆಲಸದ ಅನುಮತಿ, ಎಚ್-4 ಇಎಡಿ, ಅದರ ಕಥೆಯೂ ಗೊತ್ತಲ್ವಾ? ಅದನ್ನು ರದ್ದು ಮಾಡುವ ಕರಡು 2019ರಲ್ಲಿ ಶ್ವೇತಭವನದ ಪರಿಶೀಲನೆಗೆ ಹೋಯಿತು. ಫೆಡರಲ್ ರಿಜಿಸ್ಟರ್ ತನಕ ಬರಲೇ ಇಲ್ಲ. 2021ರ ಜನವರಿಯಲ್ಲಿ ವಾಪಸ್ ಪಡೆದರು. ವೀಸಾ ನಿಯಮದ ಒಂದೊಂದು ಹೆಜ್ಜೆಯನ್ನೂ ಕಣ್ಣಿಟ್ಟು ನೋಡುವ ನಾವು, ಮಕ್ಕಳು ಕುಡಿಯುವ ನೀರಿನ ನಿಯಮವನ್ನು ಯಾಕೆ ಹಾಗೆ ನೋಡುವುದಿಲ್ಲ? ಈ ಪ್ರಶ್ನೆ ನನ್ನನ್ನು ತುಂಬಾ ಕಾಡುತ್ತದೆ.

ಏರ್‌ಬ್ಯಾಗ್ ಕೇಸು

ನಿಯಮ ತೆಗೆಯುವವರು ಎಷ್ಟರ ಮಟ್ಟಿಗೆ ಉತ್ತರ ಕೊಡಬೇಕು ಅಂತ ತಿಳಿಯಲು ಒಂದು ಕೇಸು ಸಾಕು. 1977ರಲ್ಲಿ ಸಾರಿಗೆ ಇಲಾಖೆ ಒಂದು ನಿಯಮ ಮಾಡಿತು. ಕಾರಿನಲ್ಲಿ ಏರ್‌ಬ್ಯಾಗ್ ಇರಬೇಕು, ಇಲ್ಲವೇ ತಾನಾಗೇ ಬಂದು ಕೂರುವ ಸೀಟ್ ಬೆಲ್ಟ್ ಇರಬೇಕು. 1982ರ ಮಾಡೆಲ್‌ನಿಂದ ಜಾರಿ ಆಗಬೇಕಿತ್ತು. 1981ರಲ್ಲಿ ರೇಗನ್ ಆಡಳಿತ ಬಂದು ಅದನ್ನು ರದ್ದು ಮಾಡಿತು. ಕಂಪನಿಗಳು ಹೆಚ್ಚಾಗಿ ಬಿಚ್ಚಲು ಬರುವ ಬೆಲ್ಟನ್ನೇ ಹಾಕಲು ಹೊರಟಿವೆ, ಜನ ಅದನ್ನು ಬಿಚ್ಚಿಡುತ್ತಾರೆ, ಪ್ರಯೋಜನ ಆಗುವುದು ಅನುಮಾನ ಅನ್ನುವುದು ಕೊಟ್ಟ ಕಾರಣ. ವಿಮಾ ಕಂಪನಿಗಳು ಕೋರ್ಟಿಗೆ ಹೋದವು, ಅವುಗಳಲ್ಲಿ ಸ್ಟೇಟ್ ಫಾರ್ಮ್ ಒಂದು. ಅಪಘಾತದ ಖರ್ಚು ಕಟ್ಟುವವರು ಅವರೇ ತಾನೇ.

1983ರಲ್ಲಿ ಸುಪ್ರೀಂ ಕೋರ್ಟ್ ಕೇಳಿದ್ದು ಸರಳವಾದ ಪ್ರಶ್ನೆ. ಬೆಲ್ಟಿನಿಂದ ಪ್ರಯೋಜನ ಇಲ್ಲ ಅಂತಲೇ ಇಟ್ಟುಕೊಳ್ಳೋಣ, ಹಾಗಾದರೆ ಏರ್‌ಬ್ಯಾಗನ್ನೇ ಕಡ್ಡಾಯ ಮಾಡಬಹುದಿತ್ತಲ್ಲ, ಅದನ್ನು ಯಾಕೆ ಯೋಚಿಸಲಿಲ್ಲ? ಏಜೆನ್ಸಿಯ ಕಾಗದಗಳಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ. ಮನಸ್ಸಿಗೆ ಬಂದಂತೆ ಮಾಡಿದ ತೀರ್ಮಾನ ಅಂತ ಹೇಳಿ ಕೋರ್ಟ್ ಆ ರದ್ದತಿಯನ್ನು ತಳ್ಳಿಹಾಕಿತು. 1984ರಲ್ಲಿ ಹೊಸ ನಿಯಮ ಬಂತು. 1991ರಲ್ಲಿ ಕಾಂಗ್ರೆಸ್ ಕಾನೂನನ್ನೇ ಮಾಡಿತು. 1998ರ ಮಾಡೆಲ್‌ನಿಂದ ಎಲ್ಲ ಕಾರುಗಳಲ್ಲೂ ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ ಆಯಿತು.

ಸರ್ಕಾರ ಬದಲಾದರೆ ನೀತಿ ಬದಲಾಗಬಹುದು, ಕೋರ್ಟ್ ಅದನ್ನು ತಡೆಯುವುದಿಲ್ಲ. ಆದರೆ ಬದಲಾವಣೆಗೆ ಆಧಾರ ಬೇಕು, ಎದುರಿಗಿದ್ದ ಪುರಾವೆಯನ್ನು ನೋಡಿರಬೇಕು. ಇನ್ನೊಂದು ಮುಖ್ಯ ವಿಷಯ: ಕೋರ್ಟ್ ಸಾಮಾನ್ಯವಾಗಿ ನೋಡುವುದು ತೀರ್ಮಾನದ ಹೊತ್ತಿಗೆ ಏಜೆನ್ಸಿಯ ಮುಂದಿದ್ದ ದಾಖಲೆಯನ್ನು ಮಾತ್ರ. ಅಭಿಪ್ರಾಯ ಕೇಳಿದಾಗ ಯಾರೂ ಎತ್ತದ ಮಾತನ್ನು ಆಮೇಲೆ ವಕೀಲರು ಹೊಸದಾಗಿ ಎತ್ತುವುದು ಕಷ್ಟ. ಅದಕ್ಕೇ ನಾವು ಬರೆಯುವ ಕಾಮೆಂಟ್ ಒಂದು ವೋಟಲ್ಲ, ಕೇಸಿನ ಕಡತಕ್ಕೆ ಸೇರುವ ಸಾಕ್ಷಿ.

ಸಾಕ್ಷಿಯಾಗಿ ನಿಲ್ಲುವ ಕಾಮೆಂಟ್

ಕುಡಿಯುವ ನೀರನ್ನೇ ತೆಗೆದುಕೊಳ್ಳೋಣ. ನಾನ್‌ಸ್ಟಿಕ್ ಪಾತ್ರೆ, ಬೆಂಕಿ ಆರಿಸುವ ನೊರೆ, ಕಲೆ ಹಿಡಿಯದ ಬಟ್ಟೆ ಇವುಗಳಲ್ಲೆಲ್ಲ ಬಳಸುತ್ತ ಬಂದ ಪೀಫಾಸ್ ಎಂಬ ರಾಸಾಯನಿಕಗಳು ಪರಿಸರದಲ್ಲಿ ಬೇಗ ನಾಶ ಆಗುವಂಥವಲ್ಲ. 2024ರ ಏಪ್ರಿಲ್‌ನಲ್ಲಿ ಇಪಿಎ ಮೊದಲ ಬಾರಿಗೆ ಇವುಗಳಲ್ಲಿ ಆರಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಮಿತಿ ಹಾಕಿತು. ಪಿಎಫ್‌ಓಎ, ಪಿಎಫ್‌ಓಎಸ್ ಎಂಬ ಎರಡಕ್ಕೆ ಲಕ್ಷ ಕೋಟಿಯಲ್ಲಿ 4 ಭಾಗ. 2025ರ ಮೇ ತಿಂಗಳಲ್ಲಿ ಹೊಸ ಆಡಳಿತದ ಘೋಷಣೆ ಬಂತು. ಈ ಎರಡರ ಮಿತಿ ಉಳಿಯುತ್ತದೆ, ಪಾಲಿಸುವ ಗಡುವು 2029ರಿಂದ 2031ಕ್ಕೆ ಹೋಗುತ್ತದೆ, ಉಳಿದವುಗಳ ಮಿತಿ ತೆಗೆಯುತ್ತೇವೆ ಅಂತ. ಆದರೆ ಸೇಫ್ ಡ್ರಿಂಕಿಂಗ್ ವಾಟರ್ ಆ್ಯಕ್ಟ್‌ನಲ್ಲಿ ಒಂದು ಗಟ್ಟಿ ಮಾತಿದೆ. ನೀರಿನ ಮಿತಿಯನ್ನು ಬದಲಿಸಿದರೆ ಜನರ ಆರೋಗ್ಯಕ್ಕೆ ಮೊದಲಿನಷ್ಟಾದರೂ ರಕ್ಷಣೆ ಇರಬೇಕು, ಕಡಿಮೆ ಆಗುವಂತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ, ಮೊದಲೇ ನಡೆಯುತ್ತಿದ್ದ ಕೇಸಿನಲ್ಲಿ, ತೆಗೆಯುತ್ತೇವೆ ಅಂದಿದ್ದ ಆ ಉಳಿದ ಮಿತಿಗಳನ್ನು ರದ್ದು ಮಾಡಿ ಅಂತ ಏಜೆನ್ಸಿಯೇ ಕೋರ್ಟನ್ನು ಕೇಳಿತು. ತಾನೇ ಮಾಡಿದ ನಿಯಮವನ್ನು ತಾನೇ ಸಮರ್ಥಿಸದೆ ಕೈಬಿಡುವುದು ಕೂಡ ನಿಯಮ ತೆಗೆಯುವ ಒಂದು ದಾರಿ. ಅದರಲ್ಲಿ ಜನರ ಅಭಿಪ್ರಾಯಕ್ಕೆ ಜಾಗವೇ ಇಲ್ಲ. ನನಗೆ ಇದು ತೀರಾ ಅನ್ಯಾಯ ಅನಿಸುತ್ತದೆ.

ಗಡುವು ಮುಂದೂಡುವಂಥ ಕರಡು ಬಂದಾಗ ಏನು ಬರೆಯಬೇಕು? ಮೊದಲು ನಿಮ್ಮ ಊರಿನ ನೀರಿನ ವರದಿ ತೆಗೆಯಿರಿ. ನೀರಿನ ಸಂಸ್ಥೆಗಳು ಪ್ರತಿ ವರ್ಷ ಜುಲೈ 1ರೊಳಗೆ ಕನ್ಸ್ಯೂಮರ್ ಕಾನ್ಫಿಡೆನ್ಸ್ ರಿಪೋರ್ಟ್ ಕೊಡಲೇಬೇಕು. ಅದರಲ್ಲಿ ಒಂದು ದೊಡ್ಡ ಪಟ್ಟಿ ಇರುತ್ತದೆ. ಒಂದು ಕಡೆ ಮಿತಿ, ಇನ್ನೊಂದು ಕಡೆ ನಿಮ್ಮ ನೀರಿನಲ್ಲಿ ಸಿಕ್ಕ ಪ್ರಮಾಣ. ಸೀಸದ ಸಾಲನ್ನು ಸ್ವಲ್ಪ ಎಚ್ಚರದಿಂದ ಓದಿ. ಅಲ್ಲಿ ಕೊಡುವುದು ಸರಾಸರಿ ಅಲ್ಲ, 90ನೇ ಪರ್ಸೆಂಟೈಲ್. ಅಂದರೆ ಪರೀಕ್ಷೆ ಮಾಡಿದ ಮನೆಗಳಲ್ಲಿ ಹತ್ತಕ್ಕೆ ಒಂದರಷ್ಟು ಮನೆಗಳಲ್ಲಿ ಸೀಸ ಅದಕ್ಕಿಂತ ಜಾಸ್ತಿ ಇರಬಹುದು. ಮನೆಗೆ ಬರುವ ಪೈಪು ಸೀಸದ್ದೋ ಅಂತ ನೋಡಲು ಪೈಪುಗಳ ಪಟ್ಟಿಯೂ ಇದೆ. 2024ರ ಅಕ್ಟೋಬರ್‌ನೊಳಗೆ ಎಲ್ಲ ಸಂಸ್ಥೆಗಳೂ ಅದನ್ನು ತಯಾರಿಸಬೇಕಿತ್ತು. ಸಿಗದಿದ್ದರೆ ಫೋನ್ ಮಾಡಿ ಕೇಳಿ.

ಆಮೇಲೆ ಸರ್ಕಾರದ ವೆಬ್‌ಸೈಟ್ ರೆಗ್ಯುಲೇಷನ್ಸ್ ಡಾಟ್ ಗವ್‌ಗೆ ಹೋಗಿ ಡಾಕೆಟ್ ನಂಬರ್, ಅಂದರೆ ಆ ನಿಯಮದ ಕಡತದ ಸಂಖ್ಯೆ, ಹಾಕಿ ಕರಡು ತೆರೆಯಿರಿ. ಪೂರ್ತಿ ಓದಬೇಕಿಲ್ಲ. ಲಾಭ-ನಷ್ಟದ ಲೆಕ್ಕ ಇರುವ ಭಾಗ ಓದಿ. ಇಲ್ಲೇ ಸಾಮಾನ್ಯ ಜನರ ಖರ್ಚು ಬಿಟ್ಟುಹೋಗಿರುತ್ತದೆ. ಕಾಮೆಂಟ್ ಹೀಗಿರಬಹುದು: "ನಾನು ಇಂಥ ಕೌಂಟಿಯಲ್ಲಿ ಇದ್ದೇನೆ. ನಮ್ಮ ನೀರಿನ ಸಂಸ್ಥೆಯ ಇಂಥ ವರ್ಷದ ವರದಿಯಲ್ಲಿ ಪಿಎಫ್‌ಓಎ ಇಷ್ಟು ಸಿಕ್ಕಿದೆ, ವರದಿಯನ್ನು ಲಗತ್ತಿಸಿದ್ದೇನೆ. ಮನೆಯಲ್ಲಿ ಪುಟ್ಟ ಮಗು ಇದೆ. ಫಿಲ್ಟರ್‌ಗೆ ವರ್ಷಕ್ಕೆ ಇಷ್ಟು ಡಾಲರ್ ಖರ್ಚಾಗುತ್ತಿದೆ. ಗಡುವು ಮುಂದೂಡಿದರೆ ಸಂಸ್ಥೆಗಳಿಗೆ ಉಳಿತಾಯ ಅಂತ ಕರಡಿನ ಇಂಥ ಪುಟದಲ್ಲಿ ಬರೆದಿದ್ದೀರಿ. ಅಷ್ಟು ವರ್ಷ ನನ್ನಂಥವರು ಮಾಡುವ ಖರ್ಚು ಆ ಲೆಕ್ಕದಲ್ಲಿ ಎಲ್ಲಿದೆ?" ಇದನ್ನು ಇಂಗ್ಲಿಷಿನಲ್ಲಿ ಬರೆಯಿರಿ, ಅಷ್ಟೇ. ದೊಡ್ಡ ಪದ ಬೇಕಿಲ್ಲ. ಪೆಟ್ಟಿಗೆಯಲ್ಲಿ 5,000 ಅಕ್ಷರ ಹಿಡಿಯುತ್ತದೆ, ಜಾಸ್ತಿ ಇದ್ದರೆ ಫೈಲ್ ಲಗತ್ತಿಸಬಹುದು.

ಯಾರೋ ಕಳಿಸಿದ ಮಾದರಿ ಪತ್ರವನ್ನು ಸುಮ್ನೆ ಹಾಗೇ ಅಂಟಿಸಿದರೆ ಉಪಯೋಗ ಕಡಿಮೆ. ಒಂದೇ ಥರದ ಸಾವಿರ ಪತ್ರಗಳನ್ನು ಏಜೆನ್ಸಿ ಒಟ್ಟಿಗೆ ಕಟ್ಟಿ ಒಂದೇ ಉತ್ತರ ಕೊಡುತ್ತದೆ. ನಮ್ಮಲ್ಲಿ ನರ್ಸ್‌ಗಳಿದ್ದಾರೆ, ಕೆಮಿಸ್ಟ್‌ಗಳಿದ್ದಾರೆ, ಬ್ಯಾಂಕಿನ ಸಾಫ್ಟ್‌ವೇರ್ ಬರೆಯುವವರಿದ್ದಾರೆ, ದತ್ತಾಂಶ ಓದುವುದೇ ಕಸುಬಾಗಿರುವವರಿದ್ದಾರೆ. ಇವರಲ್ಲಿ ಒಬ್ಬರು ಕೂತು ಏಜೆನ್ಸಿಯ ಲೆಕ್ಕದಲ್ಲಿನ ಒಂದು ತಪ್ಪನ್ನು ಹಿಡಿದು ಬರೆದರೆ ಅದಕ್ಕೆ ಬೇರೆಯೇ ತೂಕ. ಆದರೆ ಸ್ವಂತ ಹೆಸರಿನಲ್ಲಿ ಮಾತ್ರ ಬರೆಯಿರಿ. ಕಂಪನಿಯ ಒಳಗಿನ ಮಾಹಿತಿ ಬಳಸಬೇಡಿ.

ವೀಸಾದ ಭಯ

ಕಾನೂನು ಹೇಳುವುದು ಆಸಕ್ತಿ ಇರುವ ಯಾರೇ ಆಗಲಿ ಅಭಿಪ್ರಾಯ ಕೊಡಬಹುದು ಅಂತ. ಪೌರತ್ವ ಕೇಳುವುದಿಲ್ಲ. ವೋಟು ಹಾಕುವುದು ಬೇರೆ, ಅದು ಪೌರರಲ್ಲದವರಿಗೆ ಫೆಡರಲ್ ಚುನಾವಣೆಯಲ್ಲಿ ಅಪರಾಧ. ಚುನಾವಣೆಗೆ ಹಣ ಕೊಡುವುದೂ ಬೇರೆ. ಗ್ರೀನ್ ಕಾರ್ಡ್ ಇರುವವರು ಕೊಡಬಹುದು, ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾ ಎಫ್-1ನಲ್ಲಿರುವವರು ಕೊಡುವಂತಿಲ್ಲ. ಈ ಮೂರನ್ನು ಒಂದಕ್ಕೊಂದು ಸೇರಿಸಿ ಗಾಬರಿ ಆಗಬೇಡಿ. ಕಾಮೆಂಟ್ ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಮನೆ ವಿಳಾಸ, ಸೋಷಿಯಲ್ ಸೆಕ್ಯುರಿಟಿ ನಂಬರ್, ವಲಸೆ ಕಡತದ ಎ-ನಂಬರ್ ಹಾಕಬೇಡಿ. ಈಗಿನ ವಾತಾವರಣದಲ್ಲಿ ಹೆಸರು ಹಾಕಲು ಅಳುಕಿದ್ದರೆ ಅನಾಮಧೇಯವಾಗಿ ಕಳಿಸುವ ಆಯ್ಕೆ ಅಲ್ಲೇ ಇದೆ. ವಾದದಲ್ಲಿ ಹುರುಳಿದ್ದರೆ ಹೆಸರಿಲ್ಲದಿದ್ದರೂ ಅದು ದಾಖಲೆಗೆ ಸೇರುತ್ತದೆ.

ಕಾಮೆಂಟ್ ಕೆಲಸ ಮಾಡದ ಜಾಗ

ಕಾಂಗ್ರೆಷನಲ್ ರಿವ್ಯೂ ಆ್ಯಕ್ಟ್ ಅಂತ 1996ರ ಒಂದು ಕಾನೂನಿದೆ. ಇತ್ತೀಚೆಗೆ ಬಂದ ನಿಯಮವನ್ನು ಎರಡೂ ಸದನಗಳು ಬರೀ ಬಹುಮತದಿಂದ ತೆಗೆಯಬಹುದು, ಅಧ್ಯಕ್ಷರ ಸಹಿ ಬಿದ್ದರೆ ಮುಗಿಯಿತು. ಅದೇ ಥರದ ನಿಯಮವನ್ನು ಏಜೆನ್ಸಿ ಕಾಂಗ್ರೆಸ್ಸಿನ ಅನುಮತಿ ಇಲ್ಲದೆ ಮತ್ತೆ ತರುವಂತಿಲ್ಲ. ಸಿಎಫ್‌ಪಿಬಿಯ ಓವರ್‌ಡ್ರಾಫ್ಟ್ ನಿಯಮ ಹೋಗಿದ್ದು ಹೀಗೆ. ಬ್ಯಾಂಕುಗಳು ಒಂದು ಸಲಕ್ಕೆ 35 ಡಾಲರ್ ತನಕ ಹಾಕುತ್ತಿದ್ದ ಫೀಯನ್ನು ದೊಡ್ಡ ಬ್ಯಾಂಕುಗಳಲ್ಲಿ 5 ಡಾಲರ್‌ಗೆ ಇಳಿಸುವ ದಾರಿಯನ್ನು ಅದು 2024ರ ಡಿಸೆಂಬರ್‌ನಲ್ಲಿ ತಂದಿತ್ತು. 2025ರಲ್ಲಿ ಸೆನೆಟ್ 52-48, ಹೌಸ್ 217-211 ಮತಗಳಿಂದ ಅದನ್ನು ತೆಗೆಯಿತು. ಹೊಸದಾಗಿ ಬಂದು ಮೊದಲ ಸಂಬಳಕ್ಕೆ ಕಾಯುವ ನಮ್ಮ ಹುಡುಗರಿಗೆ 35 ಡಾಲರ್ ಸಣ್ಣ ಮೊತ್ತ ಅಲ್ಲ. ಇಂಥ ಕಡೆ ಉಳಿಯುವುದು ಕಾಂಗ್ರೆಸ್ಸಿನಲ್ಲಿರುವ ನಿಮ್ಮ ಕ್ಷೇತ್ರದ ಪ್ರತಿನಿಧಿಯ ಕಚೇರಿಗೆ ಫೋನ್ ಮಾಡುವುದು. ನೀವು ಅಲ್ಲಿ ವಾಸ ಇದ್ದರೆ ಸಾಕು, ಪೌರರೇ ಆಗಿರಬೇಕಿಲ್ಲ. ಆ ಮತಗಳ ಅಂತರ ಎಷ್ಟು ಸಣ್ಣದು ನೋಡಿ.

ಇನ್ನೊಂದು ಅಪಾಯ, ಜನರನ್ನು ಕೇಳದೆಯೇ ತೆಗೆಯುವುದು. ಕಾನೂನುಬಾಹಿರ ಅಂತ ಕಂಡ ನಿಯಮಗಳನ್ನು ಅಭಿಪ್ರಾಯ ಕೇಳದೆಯೇ ರದ್ದು ಮಾಡಿ ಅಂತ 2025ರ ಏಪ್ರಿಲ್‌ನಲ್ಲಿ ಅಧ್ಯಕ್ಷರು ಏಜೆನ್ಸಿಗಳಿಗೆ ಹೇಳಿದರು. ಅಂಥದ್ದನ್ನು ಎದುರಿಸುವ ಜಾಗ ಕೋರ್ಟ್. ರಾಜ್ಯಗಳ ಅಟಾರ್ನಿ ಜನರಲ್‌ಗಳು, ಎನ್‌ಆರ್‌ಡಿಸಿ, ಅರ್ಥ್‌ಜಸ್ಟಿಸ್, ಪಬ್ಲಿಕ್ ಸಿಟಿಜನ್ ಥರದ ಪರಿಸರ ಮತ್ತು ಗ್ರಾಹಕ ಹಿತದ ಸಂಸ್ಥೆಗಳು ಇಂಥ ಕೇಸು ಹಾಕುತ್ತವೆ. ಸಂಸ್ಥೆ ಕೇಸು ಹಾಕಬೇಕಾದರೆ, ಇದರಿಂದ ತನ್ನ ಸದಸ್ಯರಲ್ಲಿ ಒಬ್ಬರಿಗಾದರೂ ನಿಜವಾದ ತೊಂದರೆ ಆಗುತ್ತದೆ ಅಂತ ತೋರಿಸಬೇಕು. ಸದಸ್ಯತ್ವ ತೆಗೆದುಕೊಂಡು, ನೀರಿನ ವರದಿಯನ್ನೂ ಫಿಲ್ಟರ್ ಬಿಲ್ಲನ್ನೂ ಜೋಪಾನವಾಗಿ ಇಟ್ಟುಕೊಂಡವರು ಇಲ್ಲಿ ಬಹಳ ಬೇಕಾಗುತ್ತಾರೆ.

ರಾಜ್ಯದ ಮಟ್ಟವನ್ನು ಮರೆಯಬೇಡಿ. ನಮ್ಮವರು ತುಂಬಾ ಜನ ಇರುವ ನ್ಯೂಜೆರ್ಸಿ 2018ರಲ್ಲೇ ಒಂದು ಪೀಫಾಸ್ ರಾಸಾಯನಿಕಕ್ಕೆ ಮಿತಿ ಹಾಕಿದ ಮೊದಲ ರಾಜ್ಯ. ಫೆಡರಲ್ ಮಿತಿ ಹೋದರೂ ರಾಜ್ಯದ ಮಿತಿ ನಿಲ್ಲುತ್ತದೆ. ರಾಜ್ಯದ ಕರಡುಗಳಿಗೆ ಬರುವ ಕಾಮೆಂಟ್‌ಗಳೂ ಕಡಿಮೆ, ಅಲ್ಲಿ ನಿಮ್ಮ ಒಂದು ಪುಟ ಎದ್ದು ಕಾಣುತ್ತದೆ.

ಕೊನೆಯ ದಿನದ ಗಡುವು ಸಾಮಾನ್ಯವಾಗಿ ಈಸ್ಟರ್ನ್ ಟೈಮ್ ರಾತ್ರಿ 11:59. ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಅದು 8:59. ಕಳಿಸಿದ ಮೇಲೆ ಬರುವ ಟ್ರ್ಯಾಕಿಂಗ್ ನಂಬರ್ ಬರೆದಿಟ್ಟುಕೊಳ್ಳಿ. ಅಂತಿಮ ನಿಯಮ ಬಂದಾಗ ಅದರ ಜೊತೆ ಕಾಮೆಂಟ್‌ಗಳಿಗೆ ಕೊಟ್ಟ ಉತ್ತರವೂ ಇರುತ್ತದೆ, ಅದರಲ್ಲಿ ನಿಮ್ಮ ಪ್ರಶ್ನೆ ಹುಡುಕಿ. ಉತ್ತರ ಇಲ್ಲದಿದ್ದರೆ ಕೇಸು ಹಾಕಲು ಹೊರಟಿರುವ ಸಂಸ್ಥೆಗೆ ಆ ನಂಬರ್ ಕೂಡಲೇ ಕಳಿಸಿ. ನೀರಿನ ನಿಯಮವನ್ನು ಕೋರ್ಟಿನಲ್ಲಿ ಪ್ರಶ್ನಿಸಲು ಅವರಿಗೆ ಇರುವುದು 45 ದಿನ ಮಾತ್ರ.