ಕಾಗದದ ಹಾಳೆ ಬಿಟ್ಟೆ, ಅಡಿಕೆ ಹಾಳೆ ಹಿಡಿದೆ

ಈ ಫೆಬ್ರುವರಿಯಲ್ಲಿ 10 ದಿನ ಹಸಿರುಮನೆಯೊಳಗೆ ತೂಗಿದ 41 ಚಿತ್ರಗಳಲ್ಲಿ ಒಂದಕ್ಕೂ ಬೂಷ್ಟು ಹಿಡಿಯಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. "ಆ ತೇವದಲ್ಲಿ ಚಿತ್ರ ನಿಲ್ಲುವುದುಂಟೇ ಟೀಚರ್?" ಎಂದು ಎರಡು ವರ್ಷ ಕೇಳಿದವರೆಲ್ಲ ಇದನ್ನು ಓದುತ್ತಾರೆಂದು ನನಗೆ ಗೊತ್ತು.

ಮುಂಬಯಿಯ ಕನ್ನಡ ಶಾಲೆಯಲ್ಲಿ 28 ವರ್ಷ ಚಿತ್ರಕಲೆ ಕಲಿಸಿದವಳು ನಾನು. ಈಗ ಡೊಂಬಿವಲಿಯಲ್ಲಿದ್ದೇನೆ. ನಮ್ಮ ಬಳಗದಲ್ಲಿ ಸುಮಾರು 20 ಜನ: ಗೃಹಿಣಿಯರು, ನನ್ನ ಹಳೇ ವಿದ್ಯಾರ್ಥಿಗಳು, ಮಾಟುಂಗದ ಹೋಟೆಲಿನ ಕ್ಯಾಷಿಯರ್ ಒಬ್ಬರು. ಗ್ಯಾಲರಿ ಬಾಡಿಗೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಒಂದು ಸಾರ್ವಜನಿಕ ತೋಟದ ಹಸಿರುಮನೆ ದಿನಕ್ಕೆ 1500ರಂತೆ ಸಿಕ್ಕಿತು. ಠೇವಣಿ 10 ಸಾವಿರ ಬೇರೆ. ಬೆಳಿಗ್ಗೆ ವಾಕಿಂಗ್ ಬರುವವರು, ಸಂಜೆ ಮೊಮ್ಮಕ್ಕಳ ಕೈಹಿಡಿದು ಬರುವ ಅಜ್ಜಿಯರು, ಇಷ್ಟು ಜನ ಯಾವ ಗ್ಯಾಲರಿಗೆ ಬರುತ್ತಾರೆ? ತೋಟದ ಹೆಸರು ಬರೆಯುವುದಿಲ್ಲ. ಹಿಂದಿನ ಒಂದು ವರ್ಷ ನಾವು ಒಡೆಯದ ಕುಂಡಕ್ಕೆ 2 ಸಾವಿರ ಮುರಿದುಕೊಂಡು, ಉಳಿದ ಠೇವಣಿಯನ್ನು ನಾಲ್ಕು ತಿಂಗಳ ಮೇಲೆ ಕೊಟ್ಟರು. ಆ ನೋವು ಇನ್ನೂ ಇದೆ.

ಮೊದಲ ವರ್ಷ ಪ್ರದರ್ಶನವನ್ನು ಶ್ರಾವಣದಲ್ಲಿ ಮಾಡಿದೆವು. ರಾಣಿಬಾಗ್‌ಗೆ ಮೂರು ಭಾನುವಾರ ಎಲ್ಲರನ್ನೂ ಕರೆದುಕೊಂಡು ಹೋಗಿ, 1862ರಲ್ಲಿ ತೆರೆದ ಆ ತೋಟದ ಹಳೇ ಮರಗಳನ್ನು ಬರೆಸಿದ್ದೆ. ಅಲ್ಲಿನ ಬಾವೊಬಾಬ್ ಮರದ ದಪ್ಪ ಕಾಂಡವನ್ನೇ ಏಳೆಂಟು ಮಂದಿ ಜಲವರ್ಣದಲ್ಲಿ ತಂದಿದ್ದರು. ಎಲ್ಲಕ್ಕೂ ಗಾಜಿನ ಚೌಕಟ್ಟು. ಎರಡನೇ ಬೆಳಿಗ್ಗೆ ಗಾಜಿನ ಒಳಗಡೆ ಹಬೆ ಕೂತಿತ್ತು, ಮೂರನೇ ದಿನ ಕಾಗದ ಹಪ್ಪಳದಂತೆ ಅಲೆಅಲೆಯಾಯಿತು, ಐದನೇ ದಿನ ಬಾವೊಬಾಬ್ ಕಾಂಡದ ತುಂಬ ಸಾಸಿವೆಯಷ್ಟು ಕಪ್ಪು ಚುಕ್ಕೆ. ಚೌಕಟ್ಟಿಗೇ 9 ಸಾವಿರ ಹೋಗಿತ್ತು, ಬಾಡಿಗೆ ಸೇರಿ ಸುಮಾರು 20 ಸಾವಿರ ಕೈಬಿಟ್ಟಿತು.

ಎರಡನೇ ವರ್ಷ ಜನವರಿಗೆ ಬದಲಾಯಿಸಿದೆವು. ಲ್ಯಾಮಿನೇಷನ್ ಮಾಡಿಸಿದೆ. ಚಿತ್ರ ಹೋಟೆಲಿನ ಮೆನು ಕಾರ್ಡಿನಂತೆ ಹೊಳೆಯಿತು, ಅಂಚಿನಿಂದ ನೀರು ಹೇಗೋ ಒಳಗೆ ಹೋಯಿತು. ಕ್ಯಾನ್ವಾಸ್ ಪರವಾಗಿಲ್ಲ, ಆದರೆ ಅದು ಸಡಿಲವಾಗಿ ಹೊಟ್ಟೆಬಿಟ್ಟಿತು, ದುಬಾರಿ ಬೇರೆ. ಗಿಡಗಳಿಗೆ ಮಂಜು ಚಿಮ್ಮಿಸುವ ಫಾಗರ್‌ಗಳನ್ನು ಎರಡು ದಿನ ನಿಲ್ಲಿಸಿ ಎಂದು ಮಾಲಿ ಕಾಕಾನನ್ನು ಕೇಳಿದ್ದೇ ತಪ್ಪಾಯಿತು. ಒಣಗಿ ಮುದುಡಿದ ಒಂದು ಜರಿಗಿಡ ಎತ್ತಿ ತೋರಿಸಿ, "ಬಾಈ, ಆಧೀ ಝಾಡಂ, ಮಗ ಚಿತ್ರಂ" ಎಂದು ಮರಾಠಿಯಲ್ಲಿ ಹೇಳಿದ. ಮೊದಲು ಗಿಡ, ಆಮೇಲೆ ಚಿತ್ರ. ಅವನು ಹೇಳಿದ್ದೇ ಸರಿ. ನೀರನ್ನು ತಡೆಯುವ ಹಟವನ್ನು ಅವತ್ತೇ ಬಿಟ್ಟೆ.

ಆ ಮೇ ತಿಂಗಳು ಉಡುಪಿ ಹತ್ತಿರದ ತವರಿಗೆ ಹೋದಾಗ ಅಟ್ಟದಲ್ಲಿ ಅಪ್ಪನ ಮುಟ್ಟಾಳೆ, ಅಂದರೆ ಅಡಿಕೆ ಮರದಿಂದ ಬೀಳುವ ಹಾಳೆಯಲ್ಲಿ ಮಾಡಿದ ಟೊಪ್ಪಿ, ಕಂಡಿತು. ಎಷ್ಟು ಮಳೆಗಾಲ ಕಂಡ ಟೊಪ್ಪಿಯೋ, ಗಟ್ಟಿಯಾಗೇ ಇತ್ತು. ಅಡಿಕೆ ಹಾಳೆಗೆ ಒಣಗಾಳಿ ಬಿದ್ದರೆ ಸುರುಟಿ ಸೀಳುತ್ತದೆ, ತೇವದಲ್ಲಿ ಮೆದುವಾಗಿ ಚಪ್ಪಟೆ ನಿಲ್ಲುತ್ತದೆ. ಹಸಿರುಮನೆಗೆ ಇದಕ್ಕಿಂತ ಒಳ್ಳೆಯ ಕ್ಯಾನ್ವಾಸ್ ಯಾವುದಿದೆ! ತಮ್ಮ 60 ಹಾಳೆ ಕಟ್ಟಿಕೊಟ್ಟ, ಮತ್ಸ್ಯಗಂಧ ರೈಲಿನಲ್ಲಿ ಸೀಟಿನಡಿ ಇಟ್ಟುಕೊಂಡು ಬಂದೆ. "ಟೀಚರ್, ತಟ್ಟೆ ಮಾಡ್ತೀರಾ?" ಎಂದು ಬಳಗದವರೇ ಕೇಳಿದರು.

ರಾತ್ರಿಯಿಡೀ ನೆನೆಸಿ, ತೆಂಗಿನ ನಾರಿನಿಂದ ತಿಕ್ಕಿ, ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ರುಬ್ಬುಗುಂಡು ಹೇರಿದೆ. ದಿನಕ್ಕೊಮ್ಮೆ ಮಗುಚಿದರೆ ನಾಲ್ಕು ದಿನಕ್ಕೆ ಚಪ್ಪಟೆ. ಆಮೇಲೆ ಒಂದು ಕಷಾಯದಲ್ಲಿ ಅದ್ದುತ್ತೇನೆ. ಅದು ಏನು ಎಂದು ಇಲ್ಲಿ ಬರೆಯುವುದಿಲ್ಲ, ಬಳಗಕ್ಕೆ ಬಂದವರಿಗೆ ಕಲಿಸುತ್ತೇನೆ.

ಬಣ್ಣದಲ್ಲೇ ಹೆಚ್ಚು ಸೋತದ್ದು. ಸಾಗರದ ಕಡೆಯ ಅಕ್ಕ ಒಬ್ಬರಿಗೆ ದೀವರ ಸಮುದಾಯದವರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ಬರುತ್ತದೆ. ಪುಂಡಿ ನಾರಿನ ಕುಂಚ ಹಿಡಿದರೆ ಅವರ ಗೆರೆ ದಾರ ಎಳೆದಂತೆ ಬೀಳುತ್ತದೆ. ಬಿಳಿಗೆ ಅವರು ಪದ್ಧತಿಯಂತೆ ಅಕ್ಕಿ ಹಿಟ್ಟು ಅರೆದರು. ಪರೀಕ್ಷೆಗೆಂದು ಫಾಗರ್ ಪಕ್ಕ ತೂಗಿದ ಹಾಳೆಗೆ ಬೆಳಗಾಗುವುದರೊಳಗೆ ಇರುವೆ ಮುತ್ತಿತ್ತು, ಮೂರನೇ ದಿನ ಬಿಳಿ ಗೆರೆಯ ಮೇಲಷ್ಟೇ ಬೂದು ರೋಮ. ಹಿಟ್ಟು ಬೂಷ್ಟಿಗೆ ಊಟವಲ್ಲವೇ? ಗೋಂದೂ ಹಾಗೆಯೇ. ಸುಣ್ಣದ ಖಾರಕ್ಕೆ ಬೂಷ್ಟು ಹತ್ತುವುದಿಲ್ಲ. ಬಿಳಿಗೆ ಸುಣ್ಣ, ಕೆಂಪಿಗೆ ಊರಿನ ಕೆಮ್ಮಣ್ಣು, ಕಪ್ಪಿಗೆ ಕರಟದ ಇದ್ದಿಲು. ಅಂಟಿಗೆ ಕೆನೆ ತೆಗೆದ ಹಾಲನ್ನು ಒಡೆದು, ಗಟ್ಟಿಯನ್ನು ತೊಳೆದು ಹಿಂಡಿ, ಸುಣ್ಣದೊಂದಿಗೆ ಅರೆಯುವುದು. ಹತ್ತು ನಿಮಿಷದಲ್ಲಿ ಅದು ಜೇನಿನಂತೆ ಹರಿಯುತ್ತದೆ, ಒಣಗಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿದರೂ ಹೋಗುವುದಿಲ್ಲ. ಅರೆದ ದಿನವೇ ಮುಗಿಸಬೇಕು. ದಪ್ಪ ಹಚ್ಚಿದರೆ ಸಿಪ್ಪೆ ಏಳುತ್ತದೆ, ತೆಳುವಾಗಿ ಎರಡು ಸಲ ಸಾಕು. ಪ್ರಮಾಣ ಮಾತ್ರ ನನ್ನ ಹತ್ತಿರವೇ ಇರಲಿ, ಅದಕ್ಕಾಗಿ ಸುಮಾರು 12 ಹಾಳೆ ಹಾಳು ಮಾಡಿದ್ದೇನೆ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಸತ್ತುಹೋದ ಅಜ್ಜಿಯ ಫೋಟೊ ಎಲೆಯ ಮೇಲೆ ಬರಬೇಕೆಂದು ಬಳಗದ ಒಬ್ಬಳು ಹುಡುಗಿಗೆ ಆಸೆ. ಜೆರಾಕ್ಸ್ ಅಂಗಡಿಯಲ್ಲಿ ಫೋಟೊವನ್ನು ಪಾರದರ್ಶಕ ಹಾಳೆಗೆ ಹೊಡೆಸಿ, ದಾದರ್ ಮಾರ್ಕೆಟಿನಿಂದ ತಂದ ಪತ್ರೊಡೆ ಕೆಸುವಿನ ಎಲೆಯ ಮೇಲೆ ಇಟ್ಟು, ಗಾಜು ಮುಚ್ಚಿ, ತೊಟ್ಟಿಗೆ ಒದ್ದೆ ಹತ್ತಿ ಸುತ್ತಿ ಟೆರೇಸಿನ ಬಿಸಿಲಿಗೆ ಇಟ್ಟೆವು. ಬಿಸಿಲು ತಾಗಿದ ಕಡೆ ಹಸಿರು ಕರಗಿ ಹಳದಿಯಾಗುತ್ತದೆ, ಕಪ್ಪು ಮರೆಯ ಕೆಳಗೆ ಹಸಿರು ಉಳಿಯುತ್ತದೆ. ಮೊದಲ ನಾಲ್ಕು ಎಲೆ ಬಾಡಿದವು. ಐದನೆಯದರಲ್ಲಿ ಸೆರಗು ಬಂತು, ಕುಂಕುಮ ಬಂತು, ಕಣ್ಣು ಸ್ಪಷ್ಟವಾಗಿ ಬರಲಿಲ್ಲ. ಹುಡುಗಿ ಅದನ್ನು ತುಂಬ ಹೊತ್ತು ಹಿಡಿದುಕೊಂಡೇ ಇದ್ದಳು. ಪ್ರದರ್ಶನದ ಬೆಳಕಿಗೆ ಅದು ಮಾಸಿಹೋಗುತ್ತಿತ್ತು, ಹಾಗಾಗಿ ಮನೆಯಲ್ಲೇ ಪುಸ್ತಕದೊಳಗೆ ಇಟ್ಟುಕೊಂಡಿದ್ದಾಳೆ. ಮುಂದಿನ ವರ್ಷಕ್ಕೆ ಬೇರೆ ಎಲೆ ಹುಡುಕುತ್ತಿದ್ದೇನೆ.

ತೂಗುವುದಕ್ಕೆ ಮೊಳೆ ಹೊಡೆಯಲಿಲ್ಲ, ಗಿಡಕ್ಕೆ ಕಟ್ಟಲಿಲ್ಲ. ಮೂರು ಬಿದಿರು ಸೇರಿಸಿ ಮುಕ್ಕಾಲಿ ಮಾಡಿ, ತೆಂಗಿನ ಹುರಿಯಲ್ಲಿ ಇಳಿಬಿಟ್ಟೆವು. ಹಾಳೆಯ ನಾರು ನೆಟ್ಟಗೆ ಕೆಳಮುಖವಾಗಿರಬೇಕು, ಆಗ ಹನಿ ನಾರಿನ ಗುಂಟ ಜಾರಿ ತುದಿಯಿಂದ ಬೀಳುತ್ತದೆ. ಅಡ್ಡ ತೂಗಿದ ಎರಡರಲ್ಲಿ ನೀರು ನಿಂತು ಕಲೆಯಾಯಿತು. ಫಾಗರ್ ಬಾಯಿಂದ ಮೂರಡಿ ದೂರ ಇರಲಿ. ಫಾಗರ್‌ಗಳು ದಿನಕ್ಕೆ ನಾಲ್ಕು ಸಲ ಓಡಿದವು, ಮಾಲಿ ಕಾಕಾ ಒಂದು ಸಲವೂ ನಿಲ್ಲಿಸಲಿಲ್ಲ, ನಾನೂ ಕೇಳಲಿಲ್ಲ. ಮಂಜು ತಾಗಿದಾಗ ಕೆಮ್ಮಣ್ಣು ಗಾಢವಾಗಿ, ಒಣಗಿದಾಗ ತಿಳಿಯಾಗಿ ಕಾಣುತ್ತಿತ್ತು. ಮಕ್ಕಳು ಅದನ್ನು ನೋಡಲೆಂದೇ ಫಾಗರ್ ಬಿಡುವ ಹೊತ್ತಿಗೆ ಕಾದು ನಿಲ್ಲುತ್ತಿದ್ದರು.

ಲೆಕ್ಕ ಹೇಳುತ್ತೇನೆ. ಬಾಡಿಗೆ 15 ಸಾವಿರ, ಬಿದಿರು, ಹುರಿ, ಟೆಂಪೊ ಸೇರಿ 4 ಸಾವಿರ. 17 ಚಿತ್ರ ಮಾರಾಟವಾದವು, 500ರಿಂದ 2500ರವರೆಗೆ, ಒಟ್ಟು 26 ಸಾವಿರದ ಆಸುಪಾಸು. ಅರ್ಧ ಬರೆದವರಿಗೆ, ಅರ್ಧ ಬಳಗಕ್ಕೆ. ಕಾಣಿಕೆ ಡಬ್ಬಿಯಲ್ಲಿ 7 ಸಾವಿರ. ಖರ್ಚು ಕಳೆದು ಸಾವಿರ ರೂಪಾಯಿ ಉಳಿಯಿತು, ಮೂರು ವರ್ಷದಲ್ಲಿ ಮೊದಲ ಸಲ. ಹಸೆ ಚಿತ್ತಾರದ ಅಕ್ಕನ ಹಾಳೆಗಳು ಮೊದಲ ಎರಡೇ ದಿನದಲ್ಲಿ ಹೋದವು.

ಈ ಸಲ ತಮ್ಮನಿಗೆ 100 ಹಾಳೆ ಹೇಳಿದ್ದೇನೆ. ಬೇಸಗೆಯಲ್ಲಿ ಬಿದ್ದದ್ದು ಮಾತ್ರ ಬೇಕು. ಮಳೆಗೆ ಸಿಕ್ಕಿದ ಹಾಳೆಯ ಮೈಯಲ್ಲಿ ಕಪ್ಪು ಕಲೆ ಮೊದಲೇ ಕೂತಿರುತ್ತದೆ, ಯಾವ ಕಷಾಯಕ್ಕೂ ಅದು ಬಿಡುವುದಿಲ್ಲ.