ಹಲ್ಲಿಗೂ ಅಳತೆ ತೆಗೆದೆ

ಪಂಚಾಂಗದಲ್ಲಿ ಹಲ್ಲಿ ಶಕುನ ಅಂತ ಒಂದು ಪುಟ ಇರುತ್ತದೆ, ಅಲ್ವಾ? ಗಂಡಸಿಗೆ ಬಲಕ್ಕೆ ಬಿದ್ದರೆ ಒಳ್ಳೆಯದು, ಹೆಂಗಸಿಗೆ ಎಡಕ್ಕೆ ಬಿದ್ದರೆ ಒಳ್ಳೆಯದು ಅಂತ. ಬಿದ್ದ ಹಲ್ಲಿ ಗಂಡೋ ಹೆಣ್ಣೋ ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಿದವಳಲ್ಲ.

ನಾನು ಮುಂಬೈಯ ಮುಲುಂಡ್‌ನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಊರು ಕುಂದಾಪುರದ ಕಡೆ. ಮೆಷಿನ್ ಇರುವುದು ಕಿಟಕಿಯ ಪಕ್ಕ. ರಾತ್ರಿ ಟ್ಯೂಬ್‌ಲೈಟ್ ಹಾಕಿದರೆ ಗಾಜಿನ ಆಚೆ ಹುಳ ಮುತ್ತುತ್ತವೆ. ಹುಳದ ಹಿಂದೆ ಹಲ್ಲಿ. ಅವು ಗಾಜಿಗೆ ಅಂಟಿಕೊಂಡರೆ ಒಳಗೆ ಕೂತ ನನಗೆ ಕಾಣುವುದು ಬೆನ್ನಲ್ಲ, ಹೊಟ್ಟೆ. ಇಷ್ಟು ವರ್ಷ ಅದನ್ನು ನೋಡಿ ಅಸಹ್ಯ ಪಟ್ಟುಕೊಂಡಿದ್ದೇ ಬಂತು.

ಬಿ.ಎಸ್‌ಸಿ. ಓದುವ ಮಗಳಿಗೆ ಕಾಲೇಜಿನಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಸರೀಸೃಪಗಳಲ್ಲಿ ಗಂಡಿನ ಮೈಗೂ ಹೆಣ್ಣಿನ ಮೈಗೂ ಗಾತ್ರದಲ್ಲಿ, ಆಕಾರದಲ್ಲಿ ಏನು ವ್ಯತ್ಯಾಸ ಅಂತ. ಹಾವು ಹಿಡಿಯುವ ಹಾಗಿಲ್ಲ, ಉಡ ಮುಟ್ಟುವ ಹಾಗಿಲ್ಲ. "ಅಮ್ಮ, ನಿನ್ನ ಕಿಟಕಿ ನಾಲ್ಕು ದಿನ ಕೊಡ್ತೀಯಾ?" ಅಂದಳು. ನಾಲ್ಕು ದಿನ ಆಯಿತು, ಅವಳಿಗೆ ಪರೀಕ್ಷೆ ಬಂತು. ಕೆಲಸ ನನ್ನ ತಲೆಗೆ ಬಿತ್ತು. ಅಳತೆ ತೆಗೆಯುವುದು ನನ್ನ ಹೊಟ್ಟೆಪಾಡು ತಾನೇ, ಇದೇನು ಮಹಾ ಅಂದುಕೊಂಡೆ.

ಮೊದಲ ತಪ್ಪು ಸ್ಕೇಲಿನದು. ಸ್ಟೀಲ್ ಸ್ಕೇಲನ್ನು ಗಾಜಿನ ಒಳಮೈಗೆ ಅಂಟಿಸಿ, ಫೋನನ್ನು ಗೇಣು ದೂರದಲ್ಲಿ ಹಿಡಿದು ಫೋಟೋ ತೆಗೆದೆವು. ಸ್ಕೇಲು ನಮ್ಮ ಕಡೆ, ಹಲ್ಲಿ ಆ ಕಡೆ, ನಡುವೆ ಗಾಜಿನ ದಪ್ಪ. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ, ಹಿಂದಿನದು ಚಿಕ್ಕದಾಗಿ. ಎಲ್ಲಾ ಹಲ್ಲಿಗಳೂ ಒಂದೂವರೆ, ಎರಡು ಮಿಲಿಮೀಟರ್ ಗಿಡ್ಡ ಬಂದವು. ಒಂದೇ ಹಲ್ಲಿಯನ್ನು ಹತ್ತಿರದಿಂದಲೂ ದೂರದಿಂದಲೂ ತೆಗೆದಾಗ ಅಳತೆ ಬೇರೆ ಬೇರೆ ಬಂದಿದ್ದರಿಂದ ಇದು ಗೊತ್ತಾಯಿತು. ಆಮೇಲೆ ಸ್ಕೇಲನ್ನು ಹೊರಗೇ ಅಂಟಿಸಿದೆ. ಫೋನನ್ನು ಮೂರಡಿ ದೂರದಲ್ಲಿ ಸ್ಟೂಲಿನ ಮೇಲಿಟ್ಟು ಜೂಮ್ ಮಾಡಿದೆ. ಮೈ ಬಳುಕಿಸಿ ಕೂತ ಹಲ್ಲಿಯ ಫೋಟೋ ಲೆಕ್ಕಕ್ಕಿಲ್ಲ. ಗೂನು ಹಾಕಿಕೊಂಡು ನಿಂತವರ ಅಳತೆ ತೆಗೆಯುತ್ತೇವಾ?

ಉದ್ದ ಅಂದರೆ ಮೂತಿಯ ತುದಿಯಿಂದ ಬಾಲದ ಬುಡದಲ್ಲಿರುವ ಅಡ್ಡ ಸೀಳಿನವರೆಗೆ. ಬಾಲ ಸೇರಿಸಬಾರದು. ಹಲ್ಲಿ ಹೆದರಿದರೆ ಬಾಲ ಉದುರಿಸುತ್ತದೆ. ಮತ್ತೆ ಬೆಳೆದ ಬಾಲ ಮೊದಲಿನ ಹಾಗಿರುವುದಿಲ್ಲ. ಅದನ್ನು ನಂಬಿದರೆ ಸೀರೆಯ ಸೆರಗು ಸೇರಿಸಿ ಹೆಂಗಸಿನ ಎತ್ತರ ಹೇಳಿದ ಹಾಗೆ.

ಗಂಡು ಹೆಣ್ಣು ಗುರುತಿಸುವುದಕ್ಕೆ ಗಾಜಿಗಿಂತ ಒಳ್ಳೆಯ ಜಾಗ ಇಲ್ಲ. ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಹಳದಿ ಹೊಟ್ಟೆಯ ಮನೆಹಲ್ಲಿ. ಬೆಳೆದ ಗಂಡಿನ ಹಿಂಗಾಲಿನ ತೊಡೆಯ ಕೆಳಗೆ ಸಾಲಾಗಿ ಚುಕ್ಕಿಗಳಿರುತ್ತವೆ, ಒಂದೊಂದು ತೊಡೆಯಲ್ಲಿ ಐದರಿಂದ ಏಳು. ಸೂಜಿಯಿಂದ ಚುಚ್ಚಿ ಹಾಕಿದ ಗುರುತಿನ ಹಾಗೆ. ನಿಜವಾಗಿ ಅವು ರಂಧ್ರಗಳು. ಅವುಗಳಿಂದ ಮೇಣದಂಥದ್ದು ಒಸರುತ್ತದೆ. ತನ್ನ ಜಾಗ ಅಂತ ವಾಸನೆ ಹಚ್ಚುವುದಕ್ಕೆ ಅದು. ಬಾಲದ ಬುಡದಲ್ಲಿ ಎರಡೂ ಕಡೆ ಉಬ್ಬು ಬೇರೆ. ಹೆಣ್ಣಿಗೆ ಇದೆರಡೂ ಇಲ್ಲ. ಬಸುರಿಯಾದರೆ ಹೊಟ್ಟೆಯ ತೆಳು ಚರ್ಮದ ಹಿಂದೆ ಎರಡು ಬಿಳಿ ಮೊಟ್ಟೆ ಕಾಣುತ್ತವೆ, ಎಡಕ್ಕೊಂದು ಬಲಕ್ಕೊಂದು. ಮೊದಲ ಸಲ ನೋಡಿದಾಗ ಮೆಷಿನ್ ನಿಲ್ಲಿಸಿ ಮಗಳನ್ನು ಕೂಗಿದ್ದೆ.

ಮಗಳ ಪಟ್ಟಿಯಲ್ಲಿ ಗಂಡುಗಳು ಹೆಣ್ಣಿಗಿಂತ ತುಂಬಾ ದೊಡ್ಡವು ಅಂತ ಬಂದಿತ್ತು. ಅವಳಿಗೆ ಖುಷಿಯೋ ಖುಷಿ. ನನಗೆ ಯಾಕೋ ಅನುಮಾನ. ಫೋಟೋಗಳನ್ನು ಮತ್ತೆ ಒಂದೊಂದಾಗಿ ನೋಡಿದೆ. ಚುಕ್ಕಿ ಇಲ್ಲದ್ದನ್ನೆಲ್ಲಾ ಅವಳು 'ಹೆಣ್ಣು' ಅಂತ ಬರೆದಿದ್ದಳು. ಅದರಲ್ಲಿ ಮೂರು ಬರೀ ಮರಿಗಳು. ಮರಿಯಾದರೆ ಗಂಡಿಗೂ ಚುಕ್ಕಿ ಎದ್ದು ಕಾಣುವುದಿಲ್ಲ. "ಒಂಬತ್ತನೇ ಕ್ಲಾಸಿನ ಮಕ್ಕಳ ಫ್ರಾಕನ್ನೂ ಬಾಣಂತಿಯ ಬ್ಲೌಸನ್ನೂ ಒಟ್ಟಿಗೆ ಹಾಕಿ ಹೆಂಗಸರ ಸೈಜ್ ಇಷ್ಟೇ ಅಂತೀಯಲ್ಲೇ" ಅಂದೆ. ಅವಳಿಗೆ ಸಿಟ್ಟು ಬಂತು, ಆದರೆ ತಿದ್ದಿದಳು. ಚುಕ್ಕಿ ಕಂಡ ಅತಿ ಚಿಕ್ಕ ಗಂಡಿಗಿಂತ ಗಿಡ್ಡ ಇದ್ದ, ಚುಕ್ಕಿಯಿಲ್ಲದ ಎಲ್ಲವನ್ನೂ ಪಟ್ಟಿಯಿಂದ ತೆಗೆದೆವು. ಆಗ ಉದ್ದದ ವ್ಯತ್ಯಾಸ ಕುಗ್ಗಿ ಕುಗ್ಗಿ ಸ್ವಲ್ಪವೇ ಉಳಿಯಿತು.

ಉಳಿದದ್ದು ಉದ್ದ ಅಲ್ಲ, ಕಟಿಂಗ್. ಇದು ಹೊಲಿಯುವವರಿಗೆ ಬೇಗ ಅರ್ಥವಾಗುತ್ತದೆ. ಇಬ್ಬರ ಎತ್ತರ ಒಂದೇ ಇರಬಹುದು. ಆದರೆ ಒಬ್ಬಳ ಬ್ಲೌಸ್ ಇನ್ನೊಬ್ಬಳಿಗೆ ಆಗುವುದಿಲ್ಲ. ಸರಿಸಮ ಉದ್ದದ ಒಂದು ಗಂಡು, ಒಂದು ಹೆಣ್ಣು ಒಂದೇ ರಾತ್ರಿ ಸಿಕ್ಕಿದ್ದವು. ಎರಡೂ ಫೋಟೋ ಪಕ್ಕಪಕ್ಕ ಇಟ್ಟೆ. ಗಂಡಿನ ತಲೆ ದವಡೆಯ ಹತ್ತಿರ ಅಗಲ, ಕೆನ್ನೆ ಊದಿಕೊಂಡ ಹಾಗೆ. ಹೆಣ್ಣಿನ ತಲೆ ಸಪೂರ. ಮುಂಗಾಲಿನ ಕಂಕುಳಿಂದ ಹಿಂಗಾಲಿನ ಸಂದಿಯವರೆಗೆ ಹೆಣ್ಣಿನದು ಉದ್ದ, ಅಂದರೆ ಹೊಟ್ಟೆಗೆ ಜಾಗ ಜಾಸ್ತಿ. ಮೊಟ್ಟೆ ಅಲ್ಲೇ ತಾನೇ ಕೂರಬೇಕು.

ತಲೆ ಯಾಕೆ ಅಗಲ ಅಂತ ಮೇ ತಿಂಗಳಲ್ಲಿ ಕಣ್ಣಾರೆ ನೋಡಿದೆ. ಟ್ಯೂಬ್‌ಲೈಟಿನ ಬೆಳಕು ಬೀಳುವ ಜಾಗಕ್ಕೆ ಎರಡು ಗಂಡುಗಳ ಜಗಳ. ಲೊಚಲೊಚ ಸದ್ದು, ಬಾಲ ಅಲ್ಲಾಡಿಸುವುದು, ಆಮೇಲೆ ಒಂದು ಇನ್ನೊಂದರ ದವಡೆ ಕಚ್ಚಿ ಬಿಡಲೇ ಇಲ್ಲ. ಎರಡೂ ಒಟ್ಟಿಗೆ ಕೆಳಗಿನ ಮನೆಯ ಛಜ್ಜಾ ಮೇಲೆ ಬಿದ್ದವು. ಮರುದಿನ ಬಂದದ್ದು ಒಂದೇ.

ಒಂದು ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿಯಿತು. ಹೆಬ್ಬಾವಿನಲ್ಲಿ ಹೆಣ್ಣೇ ದೊಡ್ಡದು. ನಮ್ಮ ನೀರೊಳ್ಳೆ ಹಾವು, ಇಲ್ಲಿಯ ಮರಾಠಿಯವರ ದಿವಡ್, ಅದರಲ್ಲೂ ಹೆಣ್ಣೇ ದಪ್ಪ, ಹೆಣ್ಣೇ ಉದ್ದ. ಮೈ ದೊಡ್ಡದಾದಷ್ಟೂ ಮೊಟ್ಟೆ ಹೆಚ್ಚು ಹಿಡಿಯುತ್ತದೆ. ಅವು ಹತ್ತಾರು ಮೊಟ್ಟೆ ಇಡುವ ಜಾತಿ. ಹಾಗಾದರೆ ಹಲ್ಲಿಯ ಹೆಣ್ಣು ಯಾಕೆ ಗಂಡನ್ನು ಮೀರಿ ಬೆಳೆಯಲಿಲ್ಲ? ಮಗಳು ಓದಿ ಹೇಳಿದ ಉತ್ತರ ನನಗೆ ಹಿಡಿಸಿತು: ಮನೆಹಲ್ಲಿ ಒಂದು ಸಲಕ್ಕೆ ಇಡುವುದು ಎರಡೇ ಮೊಟ್ಟೆ. ಎಷ್ಟು ಬೆಳೆದರೂ ಎರಡೇ. ಬೆಳೆದರೆ ಮೊಟ್ಟೆಯ ಸಂಖ್ಯೆಯಲ್ಲಿ ಲಾಭ ಇಲ್ಲ. ಗಂಡಿಗೋ, ಜಗಳದಲ್ಲಿ ಲಾಭ ಇದೆ.

ಜಗಳಗಂಟ ಜಾತಿಗಳಲ್ಲಿ ಗಂಡೇ ದೊಡ್ಡದಾಗುವುದು ಹಾವುಗಳಲ್ಲೂ ಇದೆ. ನಮ್ಮ ಆಗುಂಬೆ ಕಡೆಯ ಕಾಳಿಂಗ ಸರ್ಪ ಹಾಗೆ, ಕೇರೆಯೂ ಹಾಗೆ. ಮಳೆಗಾಲಕ್ಕೆ ಮುಂಚೆ ಸೊಸೈಟಿ ಗ್ರೂಪಿನಲ್ಲಿ ಎರಡು ಹಾವು ಹೆಣೆದುಕೊಂಡು ಎದ್ದು ನಿಲ್ಲುವ ವಿಡಿಯೋ ಬಂತು. ಎಲ್ಲರೂ ನಾಗ ನಾಗಿಣಿ ಅಂತ ಕೈಮುಗಿದ ಚಿತ್ರ ಹಾಕಿದರು. ನೋಡಿದರೆ ಎರಡೂ ಕೇರೆ, ಎರಡೂ ಗಂಡು. ಒಂದರ ತಲೆಯನ್ನು ಇನ್ನೊಂದು ನೆಲಕ್ಕೆ ಒತ್ತುವ ಕುಸ್ತಿ ಅದು. ನಾನು ಬರೆಯಲಿಲ್ಲ. ಸುಮ್ನೆ ಯಾಕೆ ಅವರ ಪೂಜೆ ಕೆಡಿಸಲಿ.

ಪಕ್ಕದ ಮನೆಯ ಕಾಕು ಮಾತ್ರ ನನ್ನ ಮಾತು ಕೇಳಿದರು. ಅವರ ಮೊಮ್ಮಗ ನಾಣ್ಯದಷ್ಟಿದ್ದ ಎರಡು ಆಮೆಮರಿ ತಂದು ಸಾಕಿದ್ದ, ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ಅಮೆರಿಕದ ಜಾತಿ. ದೊಡ್ಡದಕ್ಕೆ ರಾಜಾ, ಚಿಕ್ಕದಕ್ಕೆ ರಾಣಿ ಅಂತ ಹೆಸರು. ಒಂದು ದಿನ ಕಾಕು ಬಂದು, ರಾಣಿ ರಾಜಾನ ಮುಖದ ಮುಂದೆ ಉಗುರು ನಡುಗಿಸುತ್ತಾಳೆ, ಪಿತ್ತ ಇರಬೇಕು ಅಂದರು. ಹೋಗಿ ನೋಡಿದೆ. ಚಿಕ್ಕದರ ಮುಂಗಾಲಿನ ಉಗುರು ಉದ್ದುದ್ದ, ಬಾಲ ದಪ್ಪ. ಆ ಜಾತಿಯಲ್ಲಿ ಹೆಣ್ಣು ದೊಡ್ಡದು. ಗಂಡು ಉಗುರು ನಡುಗಿಸುವುದು ಹೆಣ್ಣನ್ನು ಒಲಿಸುವುದಕ್ಕೆ. "ಕಾಕು, ಹೆಸರು ಅದಲುಬದಲು ಮಾಡಿ" ಅಂದೆ. ಅವರು ಸೆರಗು ಬಾಯಿಗಿಟ್ಟು ನಕ್ಕರು.

ಮಗಳು ಆಮೇಲೆ ಕಾಲೇಜಿನವರ ಜೊತೆ ಸಾತಾರಾದ ಚಾಳಕೇವಾಡಿಗೆ ಹೋಗಿ ಬಂದಳು. ಗಾಳಿಯಂತ್ರಗಳಿರುವ ಬಯಲು. ಅಲ್ಲಿನ ಓತಿಯಂಥ ಪ್ರಾಣಿಯ ಗಂಡಿಗೆ ಗಂಟಲಲ್ಲಿ ಬೀಸಣಿಗೆ, ನೀಲಿ, ಕಪ್ಪು, ಕಿತ್ತಳೆ. ಹೆಣ್ಣು ಮಣ್ಣಿನ ಬಣ್ಣ. 2016ರಲ್ಲಿ ಅದರ ಕುಲಕ್ಕೆ ಸರಡಾ ಅಂತ ಹೆಸರಿಟ್ಟರಂತೆ, ಮರಾಠಿಯಲ್ಲಿ ಓತಿಗೆ ಹೇಳುವ ಮಾತೇ. ನಾನು ಮೊದಲು ಶಾರದೆ ಅಂದುಕೊಂಡಿದ್ದೆ. ಫೋಟೋ ನೋಡಿ, ಈ ಬಣ್ಣದ ಕಾಂಬಿನೇಷನ್‌ನಲ್ಲಿ ಸೀರೆ ಬಂದರೆ ಬ್ಲೌಸ್ ಯಾವುದು ಹಾಕುವುದು ಅಂತ ಯೋಚಿಸಿದೆ.

ಪ್ರಾಜೆಕ್ಟ್ ಮುಗಿದು ಎಷ್ಟೋ ದಿನ ಆಯಿತು. ಸ್ಕೇಲು ಇನ್ನೂ ಗಾಜಿನ ಮೇಲಿದೆ. ಮೊನ್ನೆ ಕಪಾಟಿನ ಮೇಲಿನ ಹಳೇ ಹುಕ್ಕಿನ ಡಬ್ಬಿ ತೆಗೆದೆ. ಮುಚ್ಚಳ ಸಡಿಲ ಇತ್ತು. ಹುಕ್ಕುಗಳ ಮಧ್ಯೆ ಎರಡು ಬಿಳಿ ಮೊಟ್ಟೆ. ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು, ಅಂಗಡಿಗೆ ಹೋಗಿ ಹುಕ್ಕಿನ ಹೊಸ ಪ್ಯಾಕೆಟ್ ತಂದೆ.