ಖಾಲಿ ಮ್ಯಾಗಜೀನ್, ಬೇಡವೆನಿಸಿದ ಸ್ಪ್ರಿಂಗ್: ಒಂದು ತರಬೇತಿ ಕೋವಿ ಸರಿಹೋದದ್ದು

"ಟ್ಯೂಬ್ ಹೋಗಿದೆ, ಗೋಡೆಗೆ ನೇತುಹಾಕಿ" ಎಂದು ಮೂವರು ಕೈಬಿಟ್ಟಿದ್ದ ಕೋವಿ ಈಗ 25 ಗಜದಲ್ಲಿ ಐದು ಗುಂಡನ್ನು ಒಂದು ರೂಪಾಯಿ ನಾಣ್ಯದೊಳಗೆ ಇಡುತ್ತಿದೆ. ಆ ಮೂವರಲ್ಲಿ ಇಬ್ಬರು ನನಗಿಂತ ಹಿರಿಯ ರಿಪೇರಿಯವರು. ಅದಕ್ಕೇ ಇದನ್ನು ಬರೆದಿಡಬೇಕೆನಿಸಿತು.

ಕೋವಿ ನಂಬರ್ 2, ಮಾರ್ಕ್ 4 ಸ್ಟಾರ್, ಅಂದರೆ ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ಕೋವಿಯ ಅಭ್ಯಾಸದ ಮಾದರಿ. ತ್ರೀ ನಾಟ್ ತ್ರೀ (.303 ಇಂಚಿನ ಯುದ್ಧದ ಗುಂಡು) ಆಗಿ ಸವೆದ ಬ್ಯಾರೆಲನ್ನು ಕೊರೆದು, ಒಳಗೆ ಚಿಕ್ಕ ಗುಂಡಿನ ಪಾಯಿಂಟ್ 22ರ ಟ್ಯೂಬ್ ಕೂರಿಸಿದ್ದು; ಇಂಗ್ಲೆಂಡಿನ ಪಾರ್ಕರ್ ಕಂಪನಿಯ ವಿಧಾನದ ಕೆಲಸ. ಯಜಮಾನರು ವಿರಾಜಪೇಟೆ ಕಡೆಯ ಹಿರಿಯರು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೋಕ್‌ಪೂ (ಕೋವಿಗೆ ಮುಡಿಸುವ ಹೂ) ಇಟ್ಟು ಪೂಜಿಸುವ ಕೋವಿಗಳ ಸಾಲಿನಲ್ಲಿ ಇದೂ ಇದೆ. ಪೂಜೆ ಮುಗಿಸಿ ತೆಂಗಿನಕಾಯಿಗೆ ಗುಂಡು ಹೊಡೆಯಲು ನಿಂತರೆ ಮಾತ್ರ ಮೂರನೇ ಗುಂಡು ಎಲ್ಲಿ ಹೋಗುತ್ತದೋ ಗೊತ್ತಾಗುತ್ತಿರಲಿಲ್ಲ. ಅಂಗಡಿಗೆ ತಂದಾಗ ಗ್ರೂಪ್ (ಗುರಿಹಲಗೆಯ ಮೇಲೆ ಗುಂಡುಗಳು ಬಿದ್ದ ಗುಂಪು) ಅಂಗೈ ಅಗಲಕ್ಕೆ ಹರಡುತ್ತಿತ್ತು, ಅದೂ ಮೇಲೆ ಕೆಳಗೆ.

ಮೊದಲು ಕಣ್ಣಿಗೆ ಬಿದ್ದದ್ದು ಮ್ಯಾಗಜೀನ್, ಅಂದರೆ ಗುಂಡು ತುಂಬುವ ಡಬ್ಬ. ಈ ಮಾದರಿಯ ಮ್ಯಾಗಜೀನಿನೊಳಗೆ ಸ್ಪ್ರಿಂಗೂ ಇರುವುದಿಲ್ಲ, ಗುಂಡನ್ನು ಮೇಲೆತ್ತುವ ತಟ್ಟೆಯೂ ಇರುವುದಿಲ್ಲ. ಗುಂಡನ್ನು ಒಂದೊಂದೇ ಕೈಯಿಂದ ಹಾಕಬೇಕು, ಖಾಲಿ ಕೇಸು (ಹೊಡೆದ ಗುಂಡಿನ ಖೋಲು) ಆ ಡಬ್ಬದೊಳಗೆ ಬೀಳಬೇಕು. ಹಿಂದೆ ಯಾರೋ ಸ್ಪ್ರಿಂಗ್ ಕಳೆದುಹೋಗಿದೆ ಎಂದುಕೊಂಡು ತ್ರೀ ನಾಟ್ ತ್ರೀಯದನ್ನು ತುರುಕಿದ್ದರು. ಕೇಸು ಬೀಳಲು ಜಾಗವಿಲ್ಲದೆ ಬೋಲ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ತೆಗೆದೆಸೆದೆ, ಖರ್ಚು ಸೊನ್ನೆ. ಗ್ರೂಪ್ ಮಾತ್ರ ಹಾಗೇ ಇತ್ತು.

ಮಜಾ ಏನೆಂದರೆ, ಈ ಕೋವಿಯಲ್ಲಿ ಪಾಯಿಂಟ್ 22ಕ್ಕೆ ಬೇಡದ್ದೇ ಹೆಚ್ಚು. ಚಾರ್ಜರ್ (ಹಲವು ಗುಂಡನ್ನು ಒಟ್ಟಿಗೆ ತುಂಬಿಸುವ ಕ್ಲಿಪ್) ಹಾಕುವ ಸೇತುವೆ ಹಾಗೇ ಇದೆ, ಅದಕ್ಕೆ ಹಾಕುವ ಚಾರ್ಜರ್ ಇಲ್ಲ. ಗುರಿ ನೋಡುವ ಹಿಂದಿನ ಸೈಟಿನ ಎಲೆಯ (ಏರಿಳಿಸುವ ಪಟ್ಟಿಯ) ಮೇಲೆ 2000 ಗಜದವರೆಗೆ ಅಂಕಿ, ಹೊಡೆಯುವುದು 25 ಗಜಕ್ಕೆ. ಸಿಪಾಯಿ ಅಭ್ಯಾಸಕ್ಕೆ ಹಿಡಿದದ್ದಕ್ಕೂ ಯುದ್ಧಕ್ಕೆ ಹಿಡಿಯುವುದಕ್ಕೂ ತೂಕ, ಹಿಡಿತ, ಬೋಲ್ಟ್ ಎಳೆಯುವ ಅಳತೆ ಒಂದೇ ಇರಲಿ ಎಂದು ಹೀಗೆ ಬಿಟ್ಟದ್ದು. ಆದರೂ ತೂತು ಚಿಕ್ಕದಾದ್ದರಿಂದ ಬ್ಯಾರೆಲ್ ಅಸಲಿಗಿಂತ ತುಸು ಭಾರವೇ ಆಗಿದೆ. ಇನ್ನು ಮ್ಯಾಗಜೀನಿನ ಮುಂದೆ ಫೋರ್‌ಎಂಡಿಗೆ (ಬ್ಯಾರೆಲ್ ಕೆಳಗಿನ ಮರಕ್ಕೆ) ಅಡ್ಡಲಾಗಿ ಹೋಗಿರುವ ಸ್ಕ್ರೂ. ಅದನ್ನು ಊರ ಬಡಗಿಯ ತೇಪೆ ಎಂದು ನಗುವವರಿದ್ದಾರೆ. ಮರ ಸೀಳದಿರಲಿ ಎಂದು ಬಂಗಾಳದ ಇಶಾಪುರ ಕೋವಿ ಕಾರ್ಖಾನೆಯವರು ಹಾಕುತ್ತಿದ್ದ ಸ್ಕ್ರೂ ಅದು. ಇಂಗ್ಲೆಂಡಿನ ಮುದ್ರೆಯ ಕೋವಿಯಲ್ಲಿ ಅದು ಕಂಡರೆ ಇಲ್ಲಿನ ಕೈ ದಾಟಿ ಬಂದಿದೆ ಎಂದೇ ಲೆಕ್ಕ. ಅದನ್ನು ಕೀಳಬೇಡಿ.

ನಿಜವಾದ ಕಳ್ಳ ಮರದೊಳಗಿದ್ದ. ಮಧ್ಯದ ಇನ್ನರ್ ಬ್ಯಾಂಡ್ (ಬ್ಯಾರೆಲ್ ಸುತ್ತುವ ಬಳೆ) ಸ್ಕ್ರೂ ಸ್ಪ್ರಿಂಗಿನ ಬಲದಿಂದ ಬ್ಯಾರೆಲನ್ನು ಕೆಳಗೆ ಎಳೆಯುತ್ತದೆ. ತುದಿಯ ಹತ್ತಿರದ ಚಿಕ್ಕ ಸ್ಟಡ್ (ಸ್ಪ್ರಿಂಗ್ ಮೇಲೆ ಕೂರುವ ಗೂಟ) ಅದನ್ನೇ ಮೇಲಕ್ಕೆ ತಳ್ಳುತ್ತದೆ. ಇಲ್ಲಿ ಸ್ಟಡ್ಡೇ ಮಾಯ, ಅದರ ಕುಳಿಗೆ ಮೇಣ ತುಂಬಿದ್ದರು. ಜತೆಗೆ ಟ್ರಿಗರ್ ಪಕ್ಕ ಬಾಡಿ (ಬೋಲ್ಟ್ ಕೂರುವ ಉಕ್ಕಿನ ಭಾಗ) ಒರಗುವ ಎರಡು ಕಡೆಯೂ ಮರ ಜಜ್ಜಿಹೋಗಿತ್ತು. "ಪಾಯಿಂಟ್ 22ಕ್ಕೆ ಎಲ್ಲಿಯ ಒದೆ ಮಾರಾಯ, ಅಲ್ಲಿ ಮರ ಇದ್ದರೇನು ಬಿಟ್ಟರೇನು" ಎಂದರು ಒಬ್ಬರು. ಒದೆ ಇಲ್ಲ, ನಿಜ. ಆದರೆ ಬಾಡಿ ಪ್ರತಿ ಸಲ ಒಂದೇ ಜಾಗದಲ್ಲಿ ಕೂರದಿದ್ದರೆ ಬ್ಯಾರೆಲ್ ಒಂದೇ ಕಡೆ ನೋಡುವುದು ಹೇಗೆ?

ಮೊದಲ ಸಲ ಆ ಜಾಗಕ್ಕೆ ಎಪಾಕ್ಸಿ ತುಂಬಿದೆ. ಎರಡು ವಾರ ಚೆನ್ನಾಗಿತ್ತು, ಜೂನ್ ಮಳೆ ಹಿಡಿದದ್ದೇ ಮರ ಉಬ್ಬಿ ಎಪಾಕ್ಸಿ ಚಕ್ಕೆಯೆದ್ದು ಬಂತು. ಎರಡನೇ ಸಲ ಸಾಗುವಾನಿ ತುಂಡು. ಮೃದುವಾಯಿತು, ಐವತ್ತು ಗುಂಡಿಗೆ ಒತ್ತಿಹೋಯಿತು. ಮುಂದಿನ ಟ್ರಿಗರ್ ಗಾರ್ಡ್ ಸ್ಕ್ರೂವಿನ ಕಾಲರನ್ನು (ಸ್ಕ್ರೂ ಮರವನ್ನು ಅತಿಯಾಗಿ ಹಿಂಡದಂತೆ ತಡೆಯುವ ಕೊಳವೆ) ಅರ ಹಾಕಿ ತುಸು ಗಿಡ್ಡ ಮಾಡಹೋಗಿ ಅತಿಯಾಗಿ ಉಜ್ಜಿದೆ, ಸ್ಕ್ರೂ ಬಿಗಿದರೆ ಮರ ನಜ್ಜುಗುಜ್ಜಾಗುವಂತಾಯಿತು. ಹೊಸ ಕಾಲರನ್ನು ಲೇತಿನಲ್ಲಿ ಮಾಡಿಸಲು 600 ರೂಪಾಯಿ. ಇಷ್ಟರಲ್ಲಿ ಗುಂಡಿಗೇ ಎಂಟು ಸಾವಿರದ ಹತ್ತಿರ ಹೋಗಿತ್ತು. ಯಜಮಾನರಿಂದ ಮಾತಾಡಿದ್ದ ಕೂಲಿ 4000. ಉಳಿದದ್ದು ನನ್ನ ಹಟದ ಖರ್ಚು.

ಆಸ್ಟ್ರೇಲಿಯಾದ ಲಿತ್ಗೋ ಕಾರ್ಖಾನೆಯ ಕೋವಿಗಳಲ್ಲಿ ಇದೇ ಜಾಗಕ್ಕೆ ತಾಮ್ರದ ತಗಡು ಕೂರಿಸುತ್ತಿದ್ದರು. ಅದು ನೆನಪಾಗಿ ಅಟ್ಟದ ಮೇಲಿದ್ದ ಹಳೆ ಹಂಡೆಯ ತಳ ಕತ್ತರಿಸಿದೆ (ಮನೆಯವಳು ಎರಡು ದಿನ ಮಾತಾಡಲಿಲ್ಲ). ತಗಡಿನ ಹಿಂದೆ ಬೀಟೆ ಮರದ ತುಂಡು ಕೊಟ್ಟೆ. ಬೀಟೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ತಿಂಗಳಿಟ್ಟು ಒಣಗಿಸಿ, ಕಾಯಿಸಿದ ಅಗಸೆ ಎಣ್ಣೆ ಎಂಟೋ ಒಂಬತ್ತೋ ಸಲ ಕುಡಿಸಿದ್ದೆ. ನಡುವೆ ಹೊಂಗೆ ಎಣ್ಣೆಯನ್ನೂ ಒಂದು ತುಂಡಿಗೆ ಹಚ್ಚಿ ನೋಡಿದೆ. ಅಂಟು ಹೋಗುವುದೇ ಇಲ್ಲ, ಧೂಳು ಹಿಡಿಯುತ್ತದೆ, ಬೇಡ.

ಸ್ಟಡ್ಡನ್ನು ಹಿತ್ತಾಳೆಯಲ್ಲಿ ಮಾಡಿದೆ. ಮೊದಲು ಹಾಕಿದ ಪೆನ್ನಿನ ಸ್ಪ್ರಿಂಗ್ ಬ್ಯಾರೆಲನ್ನು ಎತ್ತಲೇ ಇಲ್ಲ. ಕೊನೆಗೆ ಸರಿಹೋದ ಸ್ಪ್ರಿಂಗ್ ಯಾವ ಯಂತ್ರದ್ದು, ಒತ್ತಡ ಅಳೆದದ್ದು ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಅನ್ನ. ಇಷ್ಟು ಹೇಳುತ್ತೇನೆ: ಹೆಬ್ಬೆರಳಿನಿಂದ ಬ್ಯಾರೆಲ್ ಒತ್ತಿದರೆ ತುಸು ತಗ್ಗಿ, ಬಿಟ್ಟ ತಕ್ಷಣ ತಾನೇ ಏಳಬೇಕು.

ಅಂದು ಸಂಜೆ ಮೊದಲ ಐದು ಗುಂಡು ಒಂದೇ ತೂತಿನಂತೆ ಕಂಡಾಗ ಮಗನನ್ನು ಕರೆದು ತೋರಿಸಿದೆ, ನಂಬದೆ ಮತ್ತೆ ಐದು ಹೊಡೆದೆ. ಆಗಸ್ಟಿನ ಜಡಿಮಳೆಯಲ್ಲಿ ಮತ್ತೊಮ್ಮೆ ಹೊಡೆದು ನೋಡಿದೆ, ಗ್ರೂಪ್ ತುಸು ಬಲಕ್ಕೆ ಸರಿದಿತ್ತು, ಹರಡಿರಲಿಲ್ಲ. ಟ್ಯೂಬ್ ಹೋಗಿದೆ ಎಂದಿದ್ದ ಹಿರಿಯ ರಿಪೇರಿಯವರಲ್ಲೊಬ್ಬರು ಬಂದು ಬ್ಯಾರೆಲ್ಲಿನೊಳಗೆ ಬಹಳ ಹೊತ್ತು ಕಣ್ಣಿಟ್ಟರು. ಹೋಗುವಾಗ ತಮ್ಮಲ್ಲಿರುವ ಇಂಥದ್ದೇ ಕೋವಿಯ ಫೋರ್‌ಎಂಡ್ ಕಳುಹಿಸುತ್ತೇನೆ ಎಂದರು. ಅದು ಈಗ ಒಲೆಯ ಮೇಲಿನ ಅಟ್ಟದಲ್ಲಿ ಒಣಗುತ್ತಿದೆ.